ಐತವಾರವೂ ಅರಳುವ ಹೂ

ನಮ್ಮ ಹೊಲ ಮಾಸೂರಿನಿಂದ ಹಿರೇಕೆರೂರಿಗೆ ಹೋಗುವ ದಾರಿಯ ಪಕ್ಕದಲ್ಲಿದೆ. ಮದಗದ ಕೆರೆಯ ನೀರು ನಮ್ಮ ತನಕ ಹರಿದು ಬರುವುದಿಲ್ಲ. ಆದರೆ ಕೆರೆ ತುಂಬಿದ ವರ್ಷ ನಮ್ಮ ಬೋರಿನಲ್ಲೂ ನೀರು ಮೇಲೇರುತ್ತದೆ. ಆ ನೀರನ್ನು ನಂಬಿ ನಾನೂ ನನ್ನ ಗಂಡನೂ ಹೊಲದ ಒಂದು ಮೂಲೆಗೆ ಬಿಳಿ ಪರದೆ ಕಟ್ಟಿಸಿ, ಒಳಗೆ ಟೊಮೆಟೊ ಬೀಜದ ಪ್ಲಾಟು ಮಾಡುತ್ತ ಬಂದಿದ್ದೇವೆ. ಮಾರ್ಕೆಟ್ಟಿಗೆ ಹೋಗುವ ಟೊಮೆಟೊ ಅಲ್ಲ ಅದು. ಒಂದು ಜಾತಿಯ ಹೂವಿಗೆ ಇನ್ನೊಂದು ಜಾತಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಿ, ಅದರಿಂದ ಬಂದ ಹಣ್ಣಿನ ಬೀಜವನ್ನಷ್ಟೇ ತೆಗೆದು ಕಂಪನಿಗೆ ಕೊಡುವ ಕೆಲಸ. ನಮ್ಮ ಕಡೆ ಎಲ್ಲರೂ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ.

ಕ್ರಾಸಿಂಗ್ ಶುರುವಾಯಿತೆಂದರೆ ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗುಗಳನ್ನು ಒಂದೊಂದಾಗಿ ಹುಡುಕಿ, ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ತೆಗೆದು ಬಿಡಬೇಕು. ಮರುದಿನ ಬೆಳಿಗ್ಗೆ ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡ ಪುಟ್ಟ ಬಟ್ಟಲಿನಿಂದ ಆ ಹೂವಿಗೆ ಪರಾಗ ಮುಟ್ಟಿಸಬೇಕು. ಒಂದು ದಿನ ಕೈಬಿಟ್ಟರೆ ಅವತ್ತಿನ ಮೊಗ್ಗು ತಾನೇ ಅರಳಿ, ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅಂಥ ಕಾಯಿ ಬೀಜಕ್ಕೆ ಬಾರದು. ಹುಡುಕಿ ಕಿತ್ತು ಚೆಲ್ಲಬೇಕು. ಹೀಗೆ ಎರಡು ತಿಂಗಳ ಹತ್ತಿರ ನಡೆಯುತ್ತದೆ. ಹಬ್ಬ ಇಲ್ಲ, ಅಮಾವಾಸ್ಯೆ ಇಲ್ಲ, ಭಾನುವಾರ ಇಲ್ಲ.

ನಾನು ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ, ಸೇರಿದ್ದೂ ಕ್ರೈಸ್ತ ಮನೆಯನ್ನೇ. ಗಂಡನಿಗೆ ಹಿರೇಕೆರೂರಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಮಗಳು ಅದೇ ಊರಿನ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿರುವ ನಮ್ಮ ಸಭೆ, ಅಂದರೆ ಚರ್ಚು, ಸಣ್ಣದು; ಒಂದು ಹಾಲ್‌ನಲ್ಲಿ ಕುರ್ಚಿ ಹಾಕಿದರೆ ಕೊನೆಯ ಸಾಲು ಖಾಲಿ ಉಳಿಯುವಷ್ಟು ಜನ. ಆರಾಧನೆ ನಡೆಸುವ ಸಭಾಪಾಲಕರ ಮನೆ ಹಾನಗಲ್ಲಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿಯ ಆರಾಧನೆ ಮುಗಿಸಿ, ಬೈಕು ಹತ್ತಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅವರು ಬರುವವರೆಗೆ ಮಕ್ಕಳ ಸಂಡೇ ಸ್ಕೂಲು ನನ್ನ ಪಾಲಿಗೆ. ಹಾಡಿನ ತಂಡವೂ ನನ್ನದೇ. ತಿಂಗಳಿಗೊಮ್ಮೆ ಶಿಗ್ಗಾವಿಯಲ್ಲಿ ಸೇರುವ ಸ್ತ್ರೀಯರ ಪ್ರಾರ್ಥನಾ ಕೂಟಕ್ಕೆ ನಮ್ಮ ಸಭೆಯಿಂದ ಹೋಗುವವಳೂ ನಾನೇ. ಯಾರಾದರೂ ಕಾಯಿಲೆ ಬಿದ್ದರೆ ಗಂಜಿ ಕಾಸಿಕೊಂಡು ಹೋಗುವವಳು, ಯಾರದಾದರೂ ಮನೆಯಲ್ಲಿ ಜಗಳವಾದರೆ ಹೋಗಿ ಕೂತು ಪ್ರಾರ್ಥಿಸುವವಳು ನಾನು. ಯಾರೂ ನನ್ನ ಮೇಲೆ ಹೇರಿದ್ದಲ್ಲ ಇದು. ಕೇಳಿದವರಿಗೆ ನಾನು ಇಲ್ಲ ಅಂದದ್ದೇ ಇಲ್ಲ. ದೇವರಿಗೂ ಇದು ಮೆಚ್ಚುಗೆ ಅಂತಲೇ ನಂಬಿದ್ದೆ.

ಕ್ರಾಸಿಂಗ್ ದಿನಗಳಲ್ಲಿ ನನ್ನ ಭಾನುವಾರ ಹೇಗಿರುತ್ತಿತ್ತು ಅಂದರೆ: ಬೆಳಕು ಹರಿಯುವಾಗ ಹೊಲ. ಕೆಲಸಕ್ಕೆ ಬರುವ ಹೆಂಗಸರ ಜೊತೆ ಹೂವು ಮುಟ್ಟಿಸಿ, ಅರ್ಧಕ್ಕೇ ಬಿಟ್ಟು ಮನೆಗೆ ಓಡಿ, ಸ್ನಾನ ಮಾಡಿ, ಸೀರೆ ಸುತ್ತಿಕೊಂಡು ಸಭೆ. ಪಾಠ, ಹಾಡು, ಆರಾಧನೆ. ಕೊನೆಯ ಆಮೆನ್ ಅನ್ನುವಾಗಲೇ ಚಪ್ಪಲಿ ಹುಡುಕುತ್ತಿದ್ದೆ. ಊಟ ಮಾಡಿದರೆ ಮಾಡಿದೆ, ಇಲ್ಲದಿದ್ದರೆ ಇಲ್ಲ. ಮತ್ತೆ ಹೊಲಕ್ಕೆ ಬಂದು ಸಂಜೆಯ ತನಕ ಮೊಗ್ಗು ಬಿಡಿಸುವುದು. ಒಂದು ಭಾನುವಾರ ಮಗಳು ಮನೆಗೆ ಬರುವಾಗ ಹೇಳಿದಳು:

"ಅವ್ವಾ, ಪ್ರಾರ್ಥನಿ ಮಾಡೂ ಮುಂದ ನಿನ್ನ ಬೆರಳು ಅಲ್ಲಾಡತಾವ. ಮೊಗ್ಗಿ ಬಿಡಿಸಿದಂಗ."

"ಕಣ್ಣು ಮುಚ್ಕೊಂಡು ಪ್ರಾರ್ಥನಿ ಮಾಡಬೇಕಾದಾಕಿ ನನ್ನ ಬೆರಳು ಯಾಕ ನೋಡ್ದಿ?" ಅಂತ ನಕ್ಕು ಬಿಟ್ಟೆ.

ಆ ವರ್ಷ ಕ್ರಾಸಿಂಗ್ ತುದಿಗೇರಿದ್ದು ಕ್ರಿಸ್‌ಮಸ್ಸಿನ ಮುಂಚಿನ ವಾರಗಳಲ್ಲಿ. ಮನೆಮನೆಗೆ ಹೋಗಿ ಹಾಡುವುದು, ಮಕ್ಕಳಿಗೆ ನಾಟಕ ಕಲಿಸುವುದು, ಸಭೆಯ ಹಾಲ್‌ಗೆ ಸುಣ್ಣ ಬಳಿಸುವುದು, ಎಲ್ಲವೂ ಒಟ್ಟಿಗೇ ಬಂದವು. ಒಂದು ಭಾನುವಾರ ಬೈಬಲಿನ ವೇದಭಾಗ ಓದುವ ಸರದಿ ನನ್ನದಿತ್ತು. ಎದ್ದು ಮುಂದೆ ಹೋಗಿ ನಿಂತೆ. ಪುಟ ತೆರೆದೆ. ಅಕ್ಷರಗಳು ಒಂದರ ಮೇಲೊಂದು ಹರಿದಾಡತೊಡಗಿದವು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಎದುರಿಗೆ ಕೂತವರ ಮುಖಗಳು ನೀರೊಳಗೆ ಇದ್ದ ಹಾಗೆ ಕಂಡವು. ಆಮೇಲೆ ಏನಾಯಿತೋ ನನಗೆ ತಿಳಿಯದು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ನನ್ನ ತಲೆ ಗಂಡನ ತೊಡೆಯ ಮೇಲಿತ್ತು, ಮಗಳು ಅಳುತ್ತ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು.

ಡಾಕ್ಟರು ಬಿ.ಪಿ. ನೋಡಿದರು. ಇನ್ನೊಮ್ಮೆ ನೋಡಿದರು. "ರಾತ್ರಿ ನಿದ್ದಿ ಎಷ್ಟು ಮಾಡ್ತೀರಿ?" ಅಂತ ಕೇಳಿದರು. ನನಗಿಂತ ಮೊದಲೇ ನನ್ನ ಗಂಡ ಹೇಳಿದರು, "ನಾ ಮಲಗೂ ಮುಂದ ಎದ್ದಿರ್ತಾಳ್ರಿ, ನಾ ಏಳೂ ಮುಂದನೂ ಎದ್ದಿರ್ತಾಳ್ರಿ. ನಡುವ ಏನ್ ಮಾಡ್ತಾಳೋ ಗೊತ್ತಿಲ್ರಿ." ಡಾಕ್ಟರು ನಗಲಿಲ್ಲ. ಮಾತ್ರೆ ಬರೆದರು. ಕೆಲವು ದಿನ ಹಾಸಿಗೆ ಬಿಟ್ಟು ಏಳಕೂಡದು, ಆಮೇಲೂ ವಾರಕ್ಕೊಂದು ದಿನವಾದರೂ ಪೂರ್ತಿ ಸುಮ್ಮನಿರಬೇಕು ಅಂದರು. ಇಲ್ಲದಿದ್ದರೆ ಮುಂದಿನ ಸಲ ಬಿದ್ದಾಗ ಒಂದು ಕೈ ಒಂದು ಕಾಲು ಏಳದಿರಬಹುದು ಅಂತಲೂ ಅಂದರು.

ಮರುದಿನ ಸಭಾಪಾಲಕರು ಮನೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತು ಕಡಿಮೆ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಸಣ್ಣದಾಗಿ ಪ್ರಾರ್ಥಿಸಿ, ಚಹಾ ಕುಡಿದರು. ಆಮೇಲೆ ಹೇಳಿದರು:

"ಅಕ್ಕಾರ, ಇನ್ನ ಸ್ವಲ್ಪ ದಿನ ಸಂಡೇ ಸ್ಕೂಲ್ ನೀವು ಮಾಡೂದು ಬ್ಯಾಡ್ರಿ. ಹಾಡಿನ ತಂಡಾನೂ ಬ್ಯಾಡ. ನಾಟಕಾನೂ ಬ್ಯಾಡ."

"ಮತ್ತ ಯಾರು ಮಾಡ್ತಾರ್ರಿ?"

"ಯಾರೂ ಮಾಡ್ಲಿಲ್ಲಂದ್ರ ಈ ವರ್ಷ ನಾಟಕ ಇರೂದಿಲ್ರಿ. ಯೇಸುಸ್ವಾಮಿ ಹುಟ್ಟೂದು ನಮ್ಮ ನಾಟಕದ ಮ್ಯಾಲ ನಿಂತಿಲ್ಲ."

ನನಗೆ ಅಳು ಬಂತು. ಬಿದ್ದಾಗ ಬಾರದ ಅಳು ಆಗ ಬಂತು. "ಹಂಗಾರ ನಾ ಸಭಾಕ್ಕ ಬಂದು ಏನ್ ಮಾಡ್ಲಿರಿ?" ಅಂದೆ.

ಅವರು ಕಪ್ಪನ್ನು ಕೆಳಗಿಟ್ಟರು. "ಬಂದು ಕುಂದರ್ರಿ," ಅಂದರು. "ಕುಂದ್ರಾಕ ಬರೂದಿಲ್ಲ ಅಂದ್ರ ಅದನ್ನ ಕಲೀರಿ. ನೀವು ಏನೂ ಮಾಡದಿದ್ರೂ ದೇವರು ನಿಮ್ಮನ್ನ ಅಷ್ಟ ಪ್ರೀತಿ ಮಾಡ್ತಾನ. ಮಕ್ಕಳಿಗೆ ದಿನಾ ಇದನ್ನ ಹೇಳಿಕೊಡ್ತೀರಿ, ಹೌದಿಲ್ಲೋ?"

ಹೌದು, ಹೇಳಿಕೊಡುತ್ತಿದ್ದೆ. ಹಾಡು ಕಟ್ಟಿ, ಚಿತ್ರ ತೋರಿಸಿ ಹೇಳಿಕೊಡುತ್ತಿದ್ದೆ. ಅವರು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕೆಲಸವನ್ನೆಲ್ಲ ತೆಗೆದಿಟ್ಟರೆ ದೇವರ ಮುಂದೆ ನಿಲ್ಲಲು ನನ್ನ ಹತ್ತಿರ ಏನು ಉಳಿಯುತ್ತದೆ ಅನ್ನುವ ಹೆದರಿಕೆ ನನ್ನೊಳಗೆ ಎಷ್ಟು ಹಳೆಯದು ಅಂತ ಅವತ್ತು ಗೊತ್ತಾಯಿತು.

ಸಭೆಯ ಕೆಲಸವೇನೋ ತಪ್ಪಿತು. ಹೊಲ? ಗಂಡ ಅಂಗಡಿ ಮುಚ್ಚಿ ಪ್ಲಾಟಿಗೆ ಹೋಗತೊಡಗಿದರು. ಆದರೆ ವಾರಕ್ಕೊಂದು ದಿನ ಪೂರ್ತಿ ಬಿಡುವು ಅಂದರೆ, ಆ ದಿನದ ಹೂವುಗಳನ್ನು ಏನು ಮಾಡುವುದು? ಇದಕ್ಕೆ ದಾರಿ ತೋರಿಸಿದವರು ನಮ್ಮ ಪಕ್ಕದ ಹೊಲದ ಗೌಡತಿ.

ಅವರದು ಶಿವಭಕ್ತರ ಹಳೆಯ ಮನೆತನ. ವಯಸ್ಸು ಅರವತ್ತು ದಾಟಿದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಗಟ್ಟಿ ದನಿ. ಅವರೂ ನಮ್ಮ ಹಾಗೆ ಟೊಮೆಟೊ ಪ್ಲಾಟು ಹಾಕಿದ್ದರು, ಗಿಡದ ಜಾತಿ ಬೇರೆ ಅಷ್ಟೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದರು.

"ಏನವಾ ತಂಗಿ, ದೇವರ ಮನ್ಯಾಗ ಹೋಗಿ ಬಿದ್ದ್ಯಂತ?"

"ಬಿದ್ದೆರಿ ಅಕ್ಕಾರ. ಡಾಕ್ಟರು ವಾರಕ್ಕೊಂದಿನ ಸುಮ್ಮಕ ಇರಬೇಕು ಅಂದಾರ. ಈ ಹೂವಿನ ಕೈಯಾಗ ಸಿಕ್ಕು ಹೆಂಗ ಇರೂದ್ರಿ?"

ಗೌಡತಿ ನೆಲದ ಮೇಲೆ ಕಾಲು ಚಾಚಿ ಕೂತರು. "ನಮ್ಮ ಮಾವನವರ ಕಾಲದಾಗ ಸೋಮಾರ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ," ಅಂದರು. "ಬಸವಣ್ಣನ ವಾರ ಅಂತ. ಎತ್ತು ಮೈ ತೊಳಿಸ್ಕೊಂಡು ಗ್ವಾದ್ಲಿ ಮುಂದ ಮಲಗಿರತಿದ್ವು. ಎತ್ತು ಮಲಗಿದ್ರ ಮನುಷ್ಯಾನೂ ಒಂದ್ ಗಳಿಗಿ ಕುಂದರತಿದ್ದ. ಈಗ ಎತ್ತೂ ಇಲ್ಲ, ಸೋಮಾರಾನೂ ಇಲ್ಲ. ಟ್ರ್ಯಾಕ್ಟರಿಗೆ ಯಾ ದೇವರ ವಾರ ಐತಿ ಹೇಳು? ಈ ಪ್ಲಾಟ್ ಹಾಕಿದಾಗಿಂದ ನಾ ಸೋಮಾರ ಸಮಾಧಾನದಿಂದ ಪೂಜಿಗೆ ಕುಂತಿಲ್ಲ. ಒಂದ್ ಕೈಯಾಗ ಬಿಲ್ವಪತ್ರಿ, ಒಂದ್ ಕೈಯಾಗ ಮೊಬೈಲು. ಹೆಣ್ಣಾಳು ಬಂದ್ರೋ ಇಲ್ಲೋ ಅಂತ."

ಇಬ್ಬರೂ ನಕ್ಕೆವು. ಆಮೇಲೆ ಅವರೇ ಮುಂದೆ ಬಾಗಿ ನನ್ನ ಕೈ ಹಿಡಿದುಕೊಂಡರು.

"ಹಿಂಗ ಮಾಡೂಣು. ಐತವಾರ ನೀ ನಿನ್ನ ದೇವರ ಕಡೆ ಹೋಗು. ಅವತ್ತು ನಿನ್ನ ಪ್ಲಾಟು ನಾ ನೋಡ್ತೇನಿ. ಸೋಮಾರ ನನ್ನ ಪ್ಲಾಟು ನೀ ನೋಡು. ನಿನಗೂ ಒಂದ್ ವಾರ ಆತು, ನನಗೂ ಒಂದ್ ವಾರ ಆತು."

ಇಷ್ಟು ಸುಲಭವಾದದ್ದು ನಮಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನಡುವೆ ಒಂದು ಬದುವಷ್ಟೇ ಇತ್ತು. ನಾನು ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ಮಗಳಿಗೂ ಹೇಳಿದೆ. ದೇವರು ದಾರಿ ತೆರೆದ ಅಂತ ಮೂವರೂ ಪ್ರಾರ್ಥಿಸಿದೆವು.

ಮೈಯಲ್ಲಿ ಸ್ವಲ್ಪ ಬಲ ಬಂದ ಮೇಲೆ ಹೊಲಕ್ಕೆ ಹೋಗಿ, ಕೆಲಸದ ಹೆಂಗಸರನ್ನೆಲ್ಲ ಕೂಡಿಸಿ ಹೊಸ ವ್ಯವಸ್ಥೆ ಹೇಳಿದೆ. ಗೌಡತಿಯೂ ಬಂದಿದ್ದರು. ಎರಡೂ ಪ್ಲಾಟಿನ ಹೆಂಗಸರು ಒಂದೇ ಓಣಿಯವರು, ಸ್ವಂತ ಹೊಲ ಇಲ್ಲದವರು. ಅವರಲ್ಲಿ ಹಿರಿಯಳು ಒಬ್ಬಳಿದ್ದಾಳೆ. ಗಂಡ ಗಾರೆ ಕೆಲಸ ಮಾಡುತ್ತಾನೆ, ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಹೆಚ್ಚು ಮಾತಾಡುವವಳಲ್ಲ. ಅವತ್ತು ಎಲ್ಲರೂ ಎದ್ದು ಹೋಗುವಾಗ ಅವಳೊಬ್ಬಳು ಕೂತೇ ಇದ್ದಳು.

"ಅಕ್ಕಾರ, ಒಂದ್ ಮಾತ್ ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಕೇಳವಾ."

"ಐತವಾರ ನಿಮ್ಮ ದೇವ್ರಿಗೆ. ಸೋಮಾರ ಗೌಡತ್ಯಾರ ದೇವ್ರಿಗೆ. ಆ ಎರಡೂ ದಿನ ಎರಡೂ ಪ್ಲಾಟ್ ಮಾಡಾಕ ನಾವ ಬರಬೇಕು. ನಮ್ಮ ವಾರ ಯಾವದ್ರಿ?"

ಹೊರಟಿದ್ದ ಹೆಂಗಸರು ನಿಂತರು. ಗೌಡತಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೈಬಲಿನ ವಿಶ್ರಾಂತಿಯ ದಿನದ ಆಜ್ಞೆಯನ್ನು ನಾನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ದುಡಿಸುವವರಿಗೆ ಮಾತ್ರ ಹೇಳಿದ ಆಜ್ಞೆಯಲ್ಲ ಅದು. ಮನೆಯ ಆಳಿಗೆ, ದನಕ್ಕೆ, ಬೇರೆ ಊರಿಂದ ಬಂದು ಇರುವವನಿಗೆ, ಎಲ್ಲರಿಗೂ ಬಿಡುವು ಕೊಡು ಅನ್ನುತ್ತದೆ. ನಾನು ಅದರಲ್ಲಿ ನನ್ನನ್ನಷ್ಟೇ ಓದಿಕೊಂಡಿದ್ದೆ. ಗೌಡತಿಯ ಮನೆಯಲ್ಲಿ ಎತ್ತಿಗೂ ಒಂದು ವಾರ ಇತ್ತು.

ಮೊದಲು ಮಾತಾಡಿದವರು ಗೌಡತಿಯೇ. "ನೀನ ಹೇಳು, ಯಾವ ವಾರ ಬೇಕು?"

ಅವಳು ಉಳಿದ ಹೆಂಗಸರ ಕಡೆ ತಿರುಗಿದಳು. ತಮ್ಮತಮ್ಮಲ್ಲೇ ಏನೇನೋ ಅಂದುಕೊಂಡರು. ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳನ್ನು ತಿವಿದಳು. ಕೊನೆಗೆ, "ಸಂತಿ ದಿನ ಕೊಡ್ರಿ," ಅಂದರು. "ಹತ್ತ ವರ್ಷ ಆತು, ಸಂತಿಗೆ ಕತ್ತಲಾದ ಮ್ಯಾಲ ಹೋಗಿ ಬಾಡಿದ್ದು ತರಾಕತ್ತೇವಿ."

ಸಂತೆಯ ದಿನ ಪಗಾರ ಹಿಡಿಯದೆ ಎಲ್ಲರಿಗೂ ರಜೆ ಅಂತ ಅಲ್ಲೇ ಮಾತಾಯಿತು. ಅವತ್ತು ಎರಡೂ ಪ್ಲಾಟನ್ನು ನಾವು ಎರಡು ಮನೆಯವರೇ ಮಾಡಬೇಕು. ಹೇಳುವುದು ಸುಲಭ. ಗಂಡಸರಿಗೆ ತಿಳಿಸುವುದು ಕಷ್ಟ. ನನ್ನ ಗಂಡ ಕೂಡಲೇ ಒಪ್ಪಿದರು. ಗೌಡರು ಮಾತ್ರ, "ಊರ ಗೌಡ ಕುಂತು ಹೂವಿನ ಮೊಗ್ಗಿ ಬಿಡಸ್ಲ್ಯಾ?" ಅಂತ ಕೇಳಿದರಂತೆ. "ಬಿಡಸ್ರಿ. ಇಲ್ಲಾಂದ್ರ ಅವತ್ತು ಅಡಗಿ ನೀವು ಮಾಡ್ರಿ, ನಾ ಮೊಗ್ಗಿ ಬಿಡಸ್ತೇನಿ," ಅಂದರಂತೆ ಗೌಡತಿ. ಗೌಡರು ಮೊಗ್ಗನ್ನೇ ಆರಿಸಿಕೊಂಡರು.

ಮೊದಲ ಸಂತೆಯ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ಗೌಡರು ಸಾಲಿನ ನಡುವೆ ಸ್ಟೂಲು ಹಾಕಿಸಿಕೊಂಡು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡು ಕೂತರು. ಚಿಮಟ ಹಿಡಿದರೆ ಮೊಗ್ಗೇ ಮುರಿದು ಕೈಗೆ ಬರುತ್ತಿತ್ತು. ಮುರಿದದ್ದನ್ನು ಹೆಂಡತಿಗೆ ಕಾಣದ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಜೇಬು ತುಂಬಿತ್ತು. ನನ್ನ ಗಂಡನದು ಬೇರೆಯೇ ಕತೆ. ದಿನವಿಡೀ ಕೂದಲಿನಂಥ ತಂತಿ ಸುತ್ತುವ ಬೆರಳು. ಒಂದು ಸಲ ತೋರಿಸಿದ್ದೇ ತಡ, ನನಗಿಂತ ಚೆನ್ನಾಗಿ ಬಿಡಿಸತೊಡಗಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಒಂದೇ ಸಾಲಿನಲ್ಲಿ ಎದುರುಬದುರು ಕೂತು ಕೆಲಸ ಮಾಡಿರಲಿಲ್ಲ. ಅಂಗಡಿಗೆ ಬರುವ ಗಿರಾಕಿಗಳ ಕತೆಗಳನ್ನು ಅವತ್ತು ಹೇಳಿದರು. ಇವರು ಇಷ್ಟು ಚಂದ ಕತೆ ಹೇಳುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಬೇಗ ದಣಿದೆ. ದಣಿದಾಗ ಮಗಳು ನನ್ನ ಕೈಯಿಂದ ಚಿಮಟ ಕಿತ್ತುಕೊಂಡು, ಬೇವಿನ ನೆರಳಿಗೆ ಕಳಿಸಿದಳು.

ಸಂಜೆಯಾಗುವಾಗ ಹಾನಗಲ್ಲಿನಿಂದ ಸಭಾಪಾಲಕರೂ ಬಂದರು. ನನ್ನ ಆರೋಗ್ಯ ವಿಚಾರಿಸಲು ಬಂದವರಿಗೆ ನಾನು ಹೊಲದಲ್ಲೇ ಸಿಕ್ಕೆ. ಬೈಯುತ್ತಾರೆ ಅಂದುಕೊಂಡೆ. ಅವರು ಎಲ್ಲ ಕೇಳಿಸಿಕೊಂಡು, ಪ್ಯಾಂಟು ಮಡಚಿ, ಕೈ ತೊಳೆದು ಒಂದು ಸಾಲಿಗೆ ಇಳಿದರು. ಗೌಡರ ಪಕ್ಕದ ಸಾಲು. ಇಬ್ಬರೂ ಮೊಗ್ಗು ಮುರಿಯುವುದರಲ್ಲಿ ಸಮಸಮ ಇದ್ದರು. ಶಿವ ದೊಡ್ಡವನೋ ಯೇಸು ದೊಡ್ಡವನೋ ಅನ್ನುವ ಮಾತು ಬರಬಹುದು ಅಂತ ನನಗೆ ಅಳುಕಿತ್ತು. ಅವರಿಬ್ಬರೂ ಸೊಂಟನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಮಾತಾಡಿಕೊಳ್ಳುತ್ತಿದ್ದರು.

ಎಲ್ಲವೂ ಸರಾಗವಾಗಿ ಆಗಲಿಲ್ಲ. ಕಂಪನಿಯಿಂದ ಪ್ಲಾಟು ನೋಡಲು ಬರುವ ಸೂಪರ್ವೈಸರ್ ಹುಬ್ಬು ಗಂಟಿಕ್ಕಿದರು. "ಒಂದು ಪ್ಲಾಟಿನಾಗಿನ ಪರಾಗ ಇನ್ನೊಂದಕ್ಕ ಹತ್ತಿದ್ರ ಬೀಜ ಪೂರಾ ಕೆಡ್ತಾವ್ರಿ. ಕೆಟ್ರ ಕಂಪನಿ ತಗೊಳ್ಳೂದಿಲ್ಲ. ಆಮ್ಯಾಲ ನನ್ನ ಕೇಳಬ್ಯಾಡ್ರಿ," ಅಂದರು. ಅವರ ಮಾತು ನಿಜವೇ. ಅವತ್ತಿಡೀ ನಾನು ಚಿಂತೆ ಮಾಡಿದೆ, ಈ ಧರ್ಮದ ಹುಚ್ಚಿನಲ್ಲಿ ಎರಡು ಮನೆಯ ಬೆಳೆ ಹಾಳು ಮಾಡುತ್ತಿದ್ದೇನೆಯೇ ಅಂತ. ಮಗಳು ಒಂದು ದಾರಿ ಮಾಡಿದಳು. ನಮ್ಮ ಪ್ಲಾಟಿಗೆ ಹಸಿರು ಬಟ್ಟಲು, ಅವರದಕ್ಕೆ ಕೆಂಪು. ಬದುವಿನ ಮೇಲೆ ನೀರಿನ ಡ್ರಮ್ಮು, ಸಾಬೂನು, ಸ್ಪಿರಿಟ್ ಇಟ್ಟು, ಕೈ ತೊಳೆದು ಒರೆಸಿಕೊಳ್ಳದೆ ಯಾರೂ ದಾಟಬಾರದು ಅಂತ ಮಾಡಿದಳು. ಗೌಡತಿಯನ್ನೂ ಎರಡು ಸಲ ತಡೆದು ವಾಪಸು ಕಳಿಸಿದಳು. "ಏಯ್, ನಾ ಕೈ ತೊಳದೇನವಾ!" ಅಂದರೆ, "ಅಜ್ಜಿ, ಸ್ಪಿರಿಟ್ ಹಚ್ಚಿಲ್ರಿ," ಅನ್ನುತ್ತಿದ್ದಳು.

ಹಾಗಿದ್ದೂ ಭಾನುವಾರಗಳು ನನಗೆ ಕಷ್ಟವೇ ಆದವು. ಮೊದಲ ಭಾನುವಾರ ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಮಕ್ಕಳ ಗದ್ದಲ. ನನ್ನ ಮಗಳೂ ಅವಳ ಗೆಳತಿಯೂ ಪಾಠ ಮಾಡುತ್ತಿದ್ದರು. ಹಾಡು ಹೇಳಿಸುವಾಗ ಶ್ರುತಿ ತಪ್ಪಿತು. ಎದ್ದು ಹೋಗಿ ಸರಿ ಮಾಡಲು ಕಾಲು ಎಳೆಯಿತು. ಕುರ್ಚಿಯ ಅಂಚನ್ನು ಹಿಡಿದುಕೊಂಡು ಕೂತೆ. ಶ್ರುತಿ ತಪ್ಪಿದ ಹಾಡನ್ನೇ ಮಕ್ಕಳು ಗಂಟಲು ಹರಿಯುವ ಹಾಗೆ ಹಾಡಿದರು. ಆಮೇಲೆ ಆರಾಧನೆ ಶುರುವಾಯಿತು. ಪಾಪದ ಅರಿಕೆ, ಕ್ಷಮೆಯ ಮಾತು, ಸ್ತೋತ್ರ. ನನಗೆ ಬಾಯಿಗೆ ಬರುವ ಮಾತುಗಳೇ. ಅವು ನನಗೂ ಹೇಳಿದ ಮಾತುಗಳು ಅನ್ನಿಸಿದ್ದು ಅವತ್ತು. ನಂತರ ಸಭಾಪಾಲಕರ ಉಪದೇಶ, ನಾವು ಪ್ರಸಂಗ ಅನ್ನುವುದು, ನಡೆಯುವಾಗ ನಾನು ನಿದ್ದೆ ಹೋದೆ. ಗೊರಕೆಯನ್ನೂ ಹೊಡೆದೆನಂತೆ. ಕಣ್ಣು ಬಿಟ್ಟರೆ ಆಶೀರ್ವಾದ ಮುಗಿದು ಜನ ಏಳುತ್ತಿದ್ದಾರೆ. ನಾಚಿಕೆಯಿಂದ ಸಭಾಪಾಲಕರ ಹತ್ತಿರ ಹೋಗಿ, "ತಪ್ಪಾತ್ರಿ," ಅಂದೆ.

"ಯಾಕ್ರಿ? ನನ್ನ ಪ್ರಸಂಗ ಇವತ್ತು ಒಬ್ಬರಿಗಾದ್ರೂ ಉಪಯೋಗಕ್ಕ ಬಂತಲ್ಲ," ಅಂದರು.

ಕ್ರಿಸ್‌ಮಸ್ ನಾಟಕ ನಾನಿಲ್ಲದೆಯೇ ಆಯಿತು. ಮಕ್ಕಳೇ ಕೂಡಿ ಮಾಡಿದರು. ಕುರುಬರು ಗೋದಲಿಯ ಹತ್ತಿರ ಬಂದು ಮೊಣಕಾಲೂರಿ ನೋಡಿದರೆ ಒಳಗೆ ಕೂಸೇ ಇಲ್ಲ. ಗೊಂಬೆಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಕುರುಬರು ಗಾಬರಿಯಾಗಿ ದೇವದೂತನ ಮುಖ ನೋಡಿದರು. ನೋಡಲು ಬಂದಿದ್ದ ನಮ್ಮ ಹೊಲದ ಹೆಂಗಸರು ಎರಡನೇ ಸಾಲಿನಲ್ಲಿದ್ದರು. ಅವರಲ್ಲಿ ಹಿರಿಯಳು ಪಕ್ಕದಲ್ಲಿದ್ದ ಸೊಸೆಯ ಮಡಿಲಿನಿಂದ ಮೊಮ್ಮಗಳನ್ನು ಎತ್ತಿ, ಮುಂದೆ ಹೋಗಿ ಹುಲ್ಲಿನ ಮೇಲೆ ಮಲಗಿಸಿ ಬಂದಳು. ಕೂಸು ಅಳಲಿಲ್ಲ. ಕಾಲಾಡಿಸುತ್ತ ಮೇಲೆ ಕಟ್ಟಿದ ಬಣ್ಣದ ಕಾಗದದ ನಕ್ಷತ್ರ ನೋಡುತ್ತ ಮಲಗಿತ್ತು. ಹಿಂದಿನ ಸಾಲಿನವರು ನೋಡಲು ಎದ್ದು ನಿಂತರು. ನಾನು ಕಲಿಸಿದ ಯಾವ ನಾಟಕದಲ್ಲೂ ಆ ಕ್ಷಣ ಬಂದಿರಲಿಲ್ಲ. ಆಮೇಲೆ ಊಟಕ್ಕೆ ಕೂತಾಗ, ನಾಟಕ ನೋಡಲು ತಾವೂ ಬಂದಿದ್ದ ಗೌಡತಿ, "ಹೆಣ್ಣು ಕೂಸಾದ್ರೂ ಚಲೋ ಮಾಡ್ತು ಪಾತ್ರ," ಅಂತ ಮೆಚ್ಚಿದರು.

ಕ್ರಾಸಿಂಗ್ ಮುಗಿದು, ಕಾಯಿ ಹಣ್ಣಾಗಿ, ಹಣ್ಣು ಹಿಂಡಿ ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಕೊಟ್ಟೆವು. ಹಿಂದಿನ ವರ್ಷಕ್ಕಿಂತ ಬೀಜ ಸ್ವಲ್ಪ ಕಡಿಮೆಯೇ ಬಂತು. ಸುಳ್ಳು ಹೇಳಬಾರದು. ಮೊದಲ ಎರಡು ವಾರ ನಮ್ಮ ಕೈಯಲ್ಲಿ ಮುರಿದ ಮೊಗ್ಗು ಬಹಳ. ಆದರೆ ಪರೀಕ್ಷೆಯಲ್ಲಿ ಎರಡೂ ಪ್ಲಾಟಿನ ಬೀಜ ಶುದ್ಧ ಅಂತ ಬಂತು. ಸೂಪರ್ವೈಸರ್ ತಾವೇ ಬಂದು ಹೇಳಿ ಹೋದರು. ಹೋಗುವಾಗ ಬದುವಿನ ಮೇಲಿನ ಡ್ರಮ್ಮಿನ ಫೋಟೊ ತೆಗೆದುಕೊಂಡರು, ಬೇರೆ ಕಡೆ ತೋರಿಸಲಿಕ್ಕೆ ಅಂತ.

ಸಂತೆಯ ದಿನ ಹೇಗೆ ಕಳೆದಿರಿ ಅಂತ ಕೆಲಸದ ಹಿರಿಯಳನ್ನು ಒಮ್ಮೆ ಕೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಮೊದಲ್ನೇ ವಾರ ಸಂತಿಗೆ ಹೋಗ್ಲೇ ಇಲ್ರಿ ಅಕ್ಕಾರ. ಬಾಗಲಾ ಹಾಕ್ಕೊಂಡು ಮಲಕ್ಕೊಂಡಿದ್ದೆ. ಎದ್ದಾಗ ಸಂಜೀನೋ ಮುಂಜಾನೀನೋ ತಿಳೀಲಿಲ್ಲ." ಗೌಡತಿಯ ಸೋಮವಾರವೂ ಅವರಿಗೆ ವಾಪಸು ಬಂದಿದೆ. ಪೂಜೆಗೆ ಕೂತಾಗ ಅವರ ಮೊಬೈಲು ಈಗ ಅಡುಗೆಮನೆಯ ಉಪ್ಪಿನ ಡಬ್ಬಿಯ ಮೇಲಿರುತ್ತದೆ.

ಈ ವರ್ಷವೂ ಅದೇ ಪದ್ಧತಿ ನಡೆದಿದೆ. ನಮ್ಮನ್ನು ನೋಡಿ ಆಚೆಯ ಎರಡು ಹೊಲದವರೂ ಸಂತೆಯ ದಿನ ರಜೆ ಕೊಡುತ್ತಿದ್ದಾರೆ. ನಾನು ದಿನಾ ಮಾತ್ರೆ ನುಂಗುತ್ತೇನೆ. ಸಂಡೇ ಸ್ಕೂಲಿಗೆ ಮತ್ತೆ ಹೋಗುತ್ತೇನೆ, ಆದರೆ ಒಂದು ವಾರ ನಾನು, ಒಂದು ವಾರ ಮಗಳು. ಶಿಗ್ಗಾವಿಯ ಕೂಟಕ್ಕೆ ಬೇರೆಯವರು ಹೋಗಿ ಬಂದು, ಅಲ್ಲಿ ಏನಾಯಿತು ಅಂತ ನನಗೆ ಹೇಳುತ್ತಾರೆ; ಕೇಳಲು ಚೆನ್ನಾಗಿರುತ್ತದೆ. ನಾನು ಪೂರ್ತಿ ಬದಲಾದೆ ಅಂತ ಅಲ್ಲ. ಯಾರಾದರೂ ಏನಾದರೂ ಕೇಳಿದರೆ ಹೂಂ ಅನ್ನಲು ನಾಲಿಗೆ ಮುಂದಾಗುತ್ತದೆ. ಆಗ ನನ್ನ ಗಂಡ ಕೆಮ್ಮುತ್ತಾರೆ. "ನಾಳಿ ಹೇಳ್ತೇನ್ರಿ," ಅನ್ನುವುದನ್ನು ಕಲಿತಿದ್ದೇನೆ. ದೇವರ ಕೆಲಸ ಮಾಡುವುದು, ದೇವರ ಹತ್ತಿರ ಇರುವುದು, ಎರಡೂ ಬೇಕು. ಇವತ್ತು ಯಾವುದರ ಹೊತ್ತು ಅಂತ ದಿನಾ ಬೆಳಿಗ್ಗೆ ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಮೂವರೂ ಸವಣೂರಿಗೆ ಹೊರಟೆವು. ಅಲ್ಲಿ ನನ್ನ ತವರುಮನೆ. ಅವ್ವ ತಮ್ಮನ ಸಂಸಾರದ ಜೊತೆ ಇದ್ದಾಳೆ. ಮದುವೆ, ಕಾಯಿಲೆ, ಯಾರದಾದರೂ ಸಾವು, ಇಂಥದ್ದಿದ್ದಾಗ ಮಾತ್ರ ನಾನು ಅಲ್ಲಿಗೆ ಹೋಗುತ್ತಿದ್ದೆ. ಹೋದ ದಿನವೇ ವಾಪಸು. ಗಂಡ ಯಾರದೋ ಹಳೆಯ ಕಾರು ಕೇಳಿ ತಂದಿದ್ದರು. ಹಾನಗಲ್ ದಾಟಿ ಬಂಕಾಪುರದ ಹತ್ತಿರ ಬರುವಾಗ ರಸ್ತೆಯ ಪಕ್ಕದ ಹೊಲದಲ್ಲಿ ನವಿಲುಗಳು ಕಂಡವು. ಕಾರು ನಿಲ್ಲಿಸಿದೆವು. ಎಲ್ಲಿಗೂ ಹೊತ್ತಾಗಿರಲಿಲ್ಲ. ಒಂದು ನವಿಲು ಬದುವಿನ ಮೇಲೆ ನಿಂತು ನಮ್ಮನ್ನು ನೋಡಿ, ಇವರಿಂದ ಏನೂ ಆಗುವುದಿಲ್ಲ ಅಂತ ತಿಳಿದು ಮತ್ತೆ ಕಾಳು ಹೆಕ್ಕತೊಡಗಿತು.

ಮನೆಯ ಮುಂದೆ ಕಾರು ನಿಂತಾಗ ಅವ್ವ ಹೊಸ್ತಿಲಿಗೆ ಬಂದಳು. ನಮ್ಮನ್ನು ನೋಡಿ ಅವಳ ಮುಖ ಸಪ್ಪಗಾಯಿತು.

"ಯಾರಿಗೆ ಏನಾತು?"

"ಯಾರಿಗೂ ಏನೂ ಆಗಿಲ್ಲವ್ವಾ."

"ಮತ್ತ ಯಾಕ ಬಂದಿ?"

"ಸುಮ್ನ ಬಂದೇನಿ. ನಿನ್ನ ನೋಡಾಕ."

ಅವ್ವ ನಂಬಲಿಲ್ಲ. ನನ್ನ ಗಂಡನ ಕಡೆ ನೋಡಿದಳು, ಮಗಳ ಕಡೆ ನೋಡಿದಳು. ಇಬ್ಬರೂ ನಗುತ್ತಿದ್ದರು. ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು, ಚುರುಮರಿ ಒಗ್ಗರಣೆ ಮಾಡಲು ಎದ್ದಳು. ಅಡುಗೆಮನೆಯಿಂದಲೇ ಇನ್ನೊಂದು ಸಲ ಕೇಳಿದಳು, "ಖರೇನ ಏನೂ ಆಗಿಲ್ಲೇನು?" ಅದನ್ನು ತಿಂದ ಮೇಲೆ ನಾನು ಅವಳ ಚಾಪೆಯ ಮೇಲೆಯೇ ಮಲಗಿದೆ. ಅವಳು ಪಕ್ಕದಲ್ಲಿ ಕೂತು ನನ್ನ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ಹೊರಗೆ ಮಗಳೂ ತಮ್ಮನ ಮಕ್ಕಳೂ ಜಗಳವಾಡುತ್ತ ಆಡುತ್ತಿದ್ದರು. ಕಣ್ಣು ಹತ್ತುತ್ತಿರುವಾಗ ಅವ್ವನ ದನಿ ಕೇಳಿಸಿತು. ನನ್ನ ತಮ್ಮನ ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದಳು:

"ಸುಮ್ನ ಬಂದಾಳಂತವಾ. ನನ್ನ ನೋಡಾಕ."